ಒಂದೇ ಗರಡಿಯವರಲ್ಲ

ಕಿವಿಯ ಪಕ್ಕದಲ್ಲಿ ಉಸಿರು, ಬಿಸಿ ಉಸಿರು, ಈರುಳ್ಳಿಯ ವಾಸನೆ, ಓಹೋ ತಿಂದುಕೊಂಡು ಬಂದಿದ್ದಾನೆ ಅಣ್ಣ, ಅಖಾಡಕ್ಕೆ ಇಳಿಯುವ ದಿನ ಹೊಟ್ಟೆ ಖಾಲಿ ಇರಬೇಕು ಕಣ್ಲಾ ಸಿದ್ದ ಅಂತ ನನಗೆ ಹೇಳಿಕೊಟ್ಟವನೇ ಮುದ್ದೆ ತಿಂದು ಈರುಳ್ಳಿ ಕಚ್ಚಿಕೊಂಡು ಬಂದಿದ್ದಾನೆ, ಅಂದರೆ ನನ್ನನ್ನು ಲೆಕ್ಕಕ್ಕೇ ಹಿಡಿದಿಲ್ಲ, ಇನ್ನೂ ಅದೇ ಮೂಗು ಸುರಿಸುವ ಹುಡುಗ ಅಂದುಕೊಂಡಿದ್ದಾನೆ, ಬಾ, ಬಾ ಇವತ್ತು — ಅವನ ಕೈ ನನ್ನ ಕತ್ತಿನ ಹಿಂದೆ, ನನ್ನ ಕೈ ಅವನ ಕತ್ತಿನ ಹಿಂದೆ, ಹಣೆಗೆ ಹಣೆ, ಮೂಳೆಗೆ ಮೂಳೆ, ಯಾರ ಬೆವರು ಯಾರದೋ, ಕಣ್ಣೊಳಗೆ ಇಳಿದು ಉರಿಯುತ್ತಿದೆ, ಒರೆಸಿಕೊಳ್ಳಲು ಕೈ ತೆಗೆದರೆ ಅಷ್ಟರಲ್ಲೇ ಎತ್ತಿ ಒಗೆಯುತ್ತಾನೆ, ತೆಗೆಯಲ್ಲ, ಉರಿಯಲಿ. ಪಟ್ ಅಂತ ಅಂಗೈ ಬೀಸಿ ಕಿವಿಗೆ ಕೊಟ್ಟ, ಕತ್ತಿಗೆ ಕೈ ಹಾಕುವ ನೆಪದಲ್ಲಿ ಹೊಡೆಯುವುದು, ಹಳೆಯ ಆಟ, ರೆಫ್ರಿ ಶಾಮಣ್ಣ ನೋಡಿಯೂ ನೋಡದವರ ಹಾಗೆ ಸುತ್ತ ತಿರುಗುತ್ತಾರೆ, ಕಿವಿ ಗುಂಯ್ ಅನ್ನುತ್ತಿದೆ, ದೊಡ್ಡಕೆರೆ ಮೈದಾನದ ಅಷ್ಟೂ ಜನರ ಕೂಗು ಎಲ್ಲೋ ದೂರ ಹೋಯಿತು, ತಮಟೆ ಮಾತ್ರ ಎದೆಯೊಳಗೇ ಬಡಿಯುತ್ತಿದೆ, ನಾನೂ ಕೊಟ್ಟೆ ಒಂದು, ಮೊಣಕೈ ಮಡಚಿ ದವಡೆಗೆ, ಹಲ್ಲಿಗೆ ಹಲ್ಲು ತಗುಲಿದ ಸದ್ದು ಕೇಳಿಸಿತು, ತುಟಿ ಒಡೆಯಿತು, ಉಗುಳಿದ, ಈ ಕೆಮ್ಮಣ್ಣಿನ ಮೇಲೆ ರಕ್ತ ಬಿದ್ದರೆ ಕಾಣುವುದೇ ಇಲ್ಲ, ಒದ್ದೆ ಮಾತ್ರ ಕಾಣುತ್ತದೆ. ನಕ್ಕ. ಒಡೆದ ತುಟಿಯಲ್ಲೇ ನಕ್ಕು, ಅಂಗೇ ಒಡಿ ಮಗ, ಕಲ್ತಿದೀಯ ಅಂದ, ನನಗೆ ಮಾತ್ರ ಕೇಳುವ ಹಾಗೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ.

ಅಣ್ಣತಮ್ಮಂದಿರನ್ನೇ ಬಿಟ್ಟಿದ್ದಾರಲ್ಲಪ್ಪ ಅಂತ ಮೆಟ್ಟಿಲ ಮೇಲಿಂದ ಯಾರೋ ಕೂಗುತ್ತಿದ್ದಾರೆ, ಯಾರೂ ಬಿಟ್ಟಿಲ್ಲ ಸ್ವಾಮಿ, ನಾವೇ ಬಿದ್ದದ್ದು, ನನ್ನ ಬಾಯಿ ನನ್ನನ್ನು ಇಲ್ಲಿ ತಂದು ಕೆಡವಿತು. ಇದೇ ಮೈದಾನ, ದಸರಾಕ್ಕೆ ಇನ್ನೂ ಮೂರು ವಾರ, ಜೋಡಿ ಕಟ್ಟುವ ದಿನ, ಪೈಲ್ವಾನರೆಲ್ಲ ಅಂಗಿ ಬಿಚ್ಚಿ ಸಾಲಾಗಿ ನಿಂತು, ಸಮಿತಿಯ ಹಿರಿಯರು ಮೇಜು ಹಾಕಿಕೊಂಡು ಮೈಕಟ್ಟು ನೋಡಿ ಇವನಿಗೆ ಇವನು ಅಂತ ಜೋಡಿಸುತ್ತ, ನನ್ನ ಸರದಿ ಬಂತು, ಹೆಸರು ಸಿದ್ದೇಶ್, ತಂದೆ ಹುಚ್ಚಯ್ಯ, ಊರು ಮರಡಿಹುಂಡಿ, ವಯಸ್ಸು ಇಪ್ಪತ್ತಮೂರು, ಯಾವ ಗರಡಿ? ಅಲ್ಲೇ ನಾಲಗೆ ತಡೆಯಿತು. ಮರಡಿಹುಂಡಿ ಅನ್ನಬೇಕು, ಹುಟ್ಟಿದ ಊರು, ಅಪ್ಪ ಕಟ್ಟಿದ ಗರಡಿ, ಅಣ್ಣ ಮಂಟೇಸ್ವಾಮಿ ನನಗೆ ಏಳನೇ ವಯಸ್ಸಿಗೆ ಲಂಗೋಟಿ ಕಟ್ಟಿ ಇಳಿಸಿದ ಮಣ್ಣಿನ ಮಟ್ಟಿ, ಅನ್ನಬೇಕು, ಆದರೆ ಬೆನ್ನ ಹಿಂದೆ ಏಕಾಂತಯ್ಯ ಉಸ್ತಾದರು ನಿಂತಿದ್ದರು, ಒಂದೂವರೆ ವರ್ಷದಿಂದ ಲಷ್ಕರ್ ಮೊಹಲ್ಲಾದ ಅವರ ಗರಡಿಯಲ್ಲೇ ಮಲಗಿ ಅವರ ಮನೆಯ ಅನ್ನ ತಿಂದು ಎದ್ದವನು ನಾನು, ಪೈಲ್ವಾನರಿಗೆ ಅಂತ ಇಟ್ಟಿರುವ ಸರ್ಕಾರಿ ಕೆಲಸಕ್ಕೆ ಅರ್ಜಿ ಬರೆಸಿದ್ದರು ಅವರೇ, ದಸರಾದಲ್ಲಿ ಒಂದು ಜೋಡಿ ಗೆದ್ದು ತೋರಿಸೋ, ಮಿಕ್ಕಿದ್ದು ನನಗೆ ಬಿಡು ಅಂದಿದ್ದರು. ಲಷ್ಕರ್ ಮೊಹಲ್ಲಾ ಅಂದುಬಿಟ್ಟೆ, ಏಕಾಂತಯ್ಯ ಉಸ್ತಾದರ ಗರಡಿ ಅಂದುಬಿಟ್ಟೆ. ಒಂದೇ ಗರಡಿಯವರಿಗೆ ಜೋಡಿ ಕಟ್ಟುವಂತಿಲ್ಲ, ಇದು ಇಲ್ಲಿನ ಕಟ್ಟು, ಒಂದೇ ಮಟ್ಟಿಯ ಮಣ್ಣು ಬಳಿದುಕೊಂಡವರು ಒಡಹುಟ್ಟಿದವರಿಗೆ ಸಮ ಅಂತ, ನಿಜವಾಗಿ ಒಡಹುಟ್ಟಿದವರ ಮಾತನ್ನು ಯಾರೂ ಎತ್ತಿರಲಿಲ್ಲ, ಅಂಥದ್ದೊಂದು ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು. ಇವನಿಗೆ ಯಾರಪ್ಪಾ ಸಮ, ಬನ್ನಿ ಅಂದರು. ಜನರ ನಡುವಿನಿಂದ ಅಣ್ಣ ಎದ್ದ. ಅವನು ಬಂದಿದ್ದಾನೆ ಅಂತಲೇ ನನಗೆ ಗೊತ್ತಿಲ್ಲ, ಮೂವತ್ತೆರಡು ವರ್ಷದವನು, ಕುಸ್ತಿ ಬಿಟ್ಟು ವರ್ಷವಾಗಿತ್ತು, ಅಂಗಿಯ ಗುಂಡಿ ಒಂದೊಂದೇ ಬಿಚ್ಚುತ್ತ ಬಂದ, ಅವಸರವೇ ಇಲ್ಲ, ನನ್ನ ಎದುರು ನಿಂತು ತನ್ನ ಹೆಸರು ಬರೆಸಿದ. ಚೀಟಿ ನೋಡಿದ ಹಿರಿಯರು ಕನ್ನಡಕ ತೆಗೆದರು, ಇಬ್ಬರ ತಂದೆ ಹೆಸರೂ ಹುಚ್ಚಯ್ಯ, ಊರೂ ಒಂದೇ, ಏನಪ್ಪಾ ಒಂದೇ ಮನೆಯವರಾ ಅಂತ ಕೇಳಿದರು. ಅಣ್ಣ ನನ್ನನ್ನು ನೋಡುತ್ತಲೇ ಅವರಿಗೆ ಉತ್ತರ ಹೇಳಿದ. ನನ್ ತಮ್ಮ ಮರಡಿಹುಂಡಿ ಗರಡಿಯೋನು ಸ್ವಾಮಿ. ಇವ್ನು ಲಷ್ಕರ್ ಮೊಹಲ್ಲಾದೋನಂತೆ. ಒಂದೇ ಗರಡಿಯೋರಲ್ಲ, ಜೋಡಿ ಕಟ್ಟಿ. ಕೈ ಚಾಚಿದ. ಹಿಡಿದರೆ ಜೋಡಿ ಗಟ್ಟಿ, ಆಮೇಲೆ ಹಿಂದಕ್ಕೆ ಸರಿದವನಿಗೆ ಯಾವ ಅಖಾಡದಲ್ಲೂ ಮುಖವಿಲ್ಲ, ಹಿಡಿಯಬೇಡ ಅಂತ ಉಸ್ತಾದರು ಹಿಂದಿನಿಂದ ಅಂದರು, ಹಿಡಿದೆ. ಹಿಡಿದ ಕೈಯನ್ನು ಹಿಸುಕಿ ಹತ್ತಿರಕ್ಕೆ ಎಳೆದುಕೊಂಡು ಅಂದ, ನೀ ಗೆದ್ರೆ ಇಲ್ಲೇ ಇರು, ನಾ ಬಾ ಅನ್ನಲ್ಲ, ನಾ ಗೆದ್ರೆ ಅವತ್ತೇ ಸಂಜೆ ನನ್ ಜೊತೆ ನಂಜನಗೂಡು ಬಸ್ಸು ಹತ್ತೋದು, ಇನ್ನ ಈ ಕಡೆ ತಲೆ ಹಾಕಂಗಿಲ್ಲ. ಆಗಲಿ ಅಂದೆ.

ಆಕಾಶ — ಅಯ್ಯೋ ಆಕಾಶ ಯಾಕೆ ಕಾಣುತ್ತಿದೆ — ಕಾಲು ಕೊಟ್ಟು ಎತ್ತಿದ್ದಾನೆ, ಬೆನ್ನ ಕೆಳಗೆ ಏನೂ ಇಲ್ಲ, ಬಿದ್ದೆ, ಧೊಪ್ ಅಂತ ಬಲಭುಜದ ಮೇಲೆ, ಎದೆಯಲ್ಲಿದ್ದ ಗಾಳಿಯೆಲ್ಲ ಬಾಯಿಂದ ಆಚೆ, ಎಡಭುಜ ನೆಲಕ್ಕೆ ಮುಟ್ಟಿದರೆ ಮುಗಿಯಿತು, ಚಿತ್, ಬಸ್ಸು, ಮರಡಿಹುಂಡಿ, ಮುಟ್ಟಿಸಲ್ಲ, ಕತ್ತನ್ನು ಮಣ್ಣಿಗೆ ಊರಿ ಕಮಾನು ಬಗ್ಗಿ ನಿಂತೆ, ಕತ್ತಿನ ನರ ಕಿತ್ತು ಬರುತ್ತಿದೆ, ಅವನ ಎದೆ ನನ್ನ ಎದೆಯ ಮೇಲೆ, ತೊಂಬತ್ತು ಕೇಜಿ, ಒತ್ತುತ್ತಿದ್ದಾನೆ, ಬಾ ಮಗ ಊರಿಗೋಗಮ, ಬಾ ಮಗ ಊರಿಗೋಗಮ ಅಂತ ಪ್ರತಿ ಒತ್ತಿಗೂ ಒಂದೊಂದು ಸಲ ಅನ್ನುತ್ತಿದ್ದಾನೆ, ಹೆಬ್ಬೆರಳನ್ನು ನನ್ನ ಗಂಟಲ ಗುಳಿಗೆ ಇಟ್ಟು ಅನ್ನುತ್ತಿದ್ದಾನೆ. ಏನಿದೆ ಊರಲ್ಲಿ? ಎಂಟು ಜನ ಪೈಲ್ವಾನರಿದ್ದ ಕೇರಿ ನಮ್ಮದು. ಮೇಲಿನ ಬೀದಿಯ ಗರಡಿಗೆ ನಮ್ಮವರು ಕಾಲಿಡುವಂತಿರಲಿಲ್ಲ, ಕಿಟಕಿಯಲ್ಲಿ ನೋಡಿದರೂ ಕಲ್ಲು ಬೀಳುತ್ತಿತ್ತು, ಅದಕ್ಕೇ ಅಪ್ಪ ಮತ್ತೆ ಕೆಂಪಯ್ಯತಾತ ಕೆರೆಯಿಂದ ಮಣ್ಣು ಹೊತ್ತು ನಮ್ಮ ಕೇರಿಯ ಕೊನೆಗೆ ಹೆಂಚಿನ ಗರಡಿ ಕಟ್ಟಿದ್ದು, ನಾನು ಆಗಿನ್ನೂ ಹುಟ್ಟಿರಲಿಲ್ಲ. ಕಟ್ಟಿದ ಮೂರು ವರ್ಷಕ್ಕೆ ನಮ್ಮವರ ಕತ್ತು ದಪ್ಪವಾಯಿತು, ಮೇಲಿನ ಬೀದಿಯಲ್ಲಿ ಮೆಟ್ಟು ಕೈಲಿ ಹಿಡಿದುಕೊಂಡು ಹೋಗು ಅನ್ನುವವರು ಬಾಯಿ ಮುಚ್ಚಿಕೊಂಡರು. ಗರಡಿ ಇರೋಗಂಟ ನಮ್ ಮೇಲೆ ಯಾವನೂ ಕೈ ಎತ್ತಲ್ಲ ಕಣ್ಲಾ, ಅಪ್ಪ ಹೇಳಿದ್ದು ಅಣ್ಣನಿಗೆ, ಅಣ್ಣ ಹೇಳಿದ್ದು ನನಗೆ, ಸಾವಿರ ಸಲ ಹೇಳಿದ್ದು. ಆಮೇಲೆ ಒಬ್ಬೊಬ್ಬರೇ ಹೋದರು, ಒಬ್ಬ ಜಯಲಕ್ಷ್ಮಿಪುರಂನಲ್ಲಿ ಮನೆಗಳಿಗೆ ಬಣ್ಣ ಬಳಿಯಲು, ಇಬ್ಬರು ಮಂಡಕಳ್ಳಿ ಕಡೆಯ ಇಟ್ಟಿಗೆ ಕೆಲಸಕ್ಕೆ, ಮಿಕ್ಕ ಮೂವರು ಹೋಟೆಲ್ಲಿಗೆ, ಒಬ್ಬೊಬ್ಬ ಬಸ್ಸು ಹತ್ತಿದಾಗಲೂ ಮೇಲಿನ ಬೀದಿಯ ಗಂಟಲು ಒಂದಿಷ್ಟು ಏರುತ್ತ ಬಂತು, ಕೊನೆಗೆ ಉಳಿದವರು ನಾವಿಬ್ಬರು. ಇಬ್ಬರು ಸೇರಿ ಒಂದು ಕೇರಿಯನ್ನು ಕಾಯಬೇಕೇನು? ನನಗೆ ಏನೂ ಬೇಡವೇನು? ಬೇಲಿಯ ಗೂಟ ಅಂತ ಹೆತ್ತರೇನು ನನ್ನನ್ನು? ಮಂಡಿಯನ್ನು ಅವನ ಹೊಟ್ಟೆಗೆ ಸೇರಿಸಿ ಒದ್ದೆ, ಮುದ್ದೆ ಈರುಳ್ಳಿ ಎಲ್ಲ ಮೇಲಕ್ಕೆ ಬರುವ ಹಾಗೆ ಒದ್ದೆ, ಜಾರಿದ, ಹೊರಳಿಕೊಂಡು ಎದ್ದುಬಿಟ್ಟೆ.

ಮತ್ತೆ ಕೈ ಕೈ ಹಿಡಿದು ನಿಂತಿದ್ದೇವೆ, ಅವನ ಎದೆ ಏರಿ ಇಳಿಯುತ್ತಿದೆ, ದಣಿದಿದ್ದಾನೆ, ಕಣ್ಣು ಮಾತ್ರ ದಣಿದಿಲ್ಲ, ಆ ಕಣ್ಣಿಗೆ ನನ್ನ ಕಣ್ಣು ಕೊಡಲಾಗುವುದಿಲ್ಲ ಯಾಕೆ ಅಂದರೆ ಚಾವಡಿ ನೆನಪಾಗುತ್ತದೆ. ಹೋದ ವರ್ಷ, ತೊಂಬತ್ತೆಂಟರ ಶಿವರಾತ್ರಿ, ಊರ ಕುಸ್ತಿಯಲ್ಲಿ ಯಾವತ್ತೂ ಅವರವರ ಬೀದಿಗೆ ಅವರವರದೇ ಜೋಡಿ, ಆ ವರ್ಷ ಯಾರೋ ಓದಿದ ಹುಡುಗರು ಬೀದಿ ನೋಡದೆ ಎಲ್ಲರಿಗೂ ಎಲ್ಲರನ್ನೂ ಕಟ್ಟೋಣ ಅಂದರು, ಮೇಲಿನ ಬೀದಿಯ ಪಟೇಲರ ಮನೆಯ ಹುಡುಗ ನನ್ನ ಪಾಲಿಗೆ ಬಂದ, ಎರಡು ನಿಮಿಷ, ಎರಡೇ ನಿಮಿಷ, ಎತ್ತಿ ಮಲಗಿಸಿದೆ, ಅವನ ಎರಡೂ ಭುಜ ನಮ್ಮೂರ ಮಣ್ಣಿಗೆ ಅಂಟಿತು, ನಮ್ಮ ಕೇರಿಯವರು ಕೂಗಲಿಲ್ಲ, ಯಾರಿಗೂ ಕೂಗುವ ಧೈರ್ಯ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೇಲಿನ ಬೀದಿಯವರು ಬಂದರು. ದೊಣ್ಣೆ, ನೇಗಿಲ ಮೇಣಿ, ಸೈಕಲ್ ಚೈನು, ಮೊದಲು ಗರಡಿಯ ಹೆಂಚು ಒಡೆದರು, ಅಡ್ಡ ಬಂದ ಕೆಂಪಯ್ಯತಾತನ ಮಂಡಿಗೆ ಹೊಡೆದರು, ಎಪ್ಪತ್ತು ವರ್ಷದ ಮಂಡಿ, ಒಂದೇ ಏಟಿಗೆ ಒಳಕ್ಕೆ ಹೋಯಿತು, ಆಮೇಲೆ ಯಾರು ಯಾರಿಗೆ ಹೊಡೆದರೋ, ನಾನು ಒಬ್ಬನ ಕಿವಿ ಕಚ್ಚಿದ್ದೆ, ಬಾಯಲ್ಲಿ ಉಪ್ಪು, ಬಿಡಲೇ ಇಲ್ಲ, ಹಿಂದಿನಿಂದ ಒಬ್ಬ ದೊಣ್ಣೆ ಎತ್ತಿದ್ದ, ನನ್ನ ನೆತ್ತಿಗೇ ಅದು, ಅಣ್ಣ ನಡುವೆ ಬಂದು ಬಲಭುಜ ಕೊಟ್ಟ, ಏಟು ತಿಂದ ಕೈಯಲ್ಲೇ ಅವನ ದವಡೆ ಒಡೆದ. ಎರಡೂ ಕಡೆ ಕೇಸು, ಎರಡೂ ಕಡೆಯವರು ಸ್ಟೇಷನ್ನಿನ ಬೆಂಚಿನ ಮೇಲೆ, ಹದಿನೈದು ದಿನ ನಮ್ಮವರಿಗೆ ಯಾರ ಹೊಲದಲ್ಲೂ ಕೂಲಿ ಇಲ್ಲ, ಅಂಗಡಿಯಲ್ಲಿ ಉಪ್ಪೂ ಇಲ್ಲ, ರಾಜಿ ಮಾಡ್ಕಳಿ ಅಂತ ನಮ್ಮ ಕೇರಿಯ ಹೆಂಗಸರೇ ಅತ್ತರು. ರಾಜಿ ಅಂದರೆ ಚಾವಡಿಯ ಮುಂದೆ ನೆಲಕ್ಕೆ ಹಣೆ ಮುಟ್ಟಿಸಿ ತಪ್ಪಾಯ್ತು ಅನ್ನುವುದು, ನಾವಿಬ್ಬರೂ. ನಾನು ಬರಲ್ಲ, ಸತ್ತರೂ ಬರಲ್ಲ ಅಂದೆ, ಹುಣಸೆಮರದ ಹಿಂದೆ ನಿಂತು ನೋಡುತ್ತಿದ್ದೆ. ಅಣ್ಣ ಮಂಡಿ ಊರಿ ಕೂತ, ಆ ಕತ್ತು, ಯಾವ ಪೈಲ್ವಾನನೂ ಬಗ್ಗಿಸಲಾಗದ ಕತ್ತು, ತಾನೇ ಬಗ್ಗಿಸಿ ಹಣೆಯನ್ನು ಮಣ್ಣಿಗೆ ಇಟ್ಟ, ಎತ್ತಿದ, ಮುಗಿಯಿತು ಅಂದುಕೊಂಡೆ, ಇನ್ನೊಂದು ಸಲ ಇಟ್ಟ. ಇದು ಯಾಕೆ ಅಂತ ಯಾರೋ ಕೇಳಿದರು. ಅದು ನಂದು, ಇದು ನನ್ ತಮ್ಮಂದು ಅಂದ. ಅವರು ನಕ್ಕರು. ನಾನು ಮನೆಗೆ ಹೋಗಲಿಲ್ಲ, ಹಾಗೇ ದೊಡ್ಡ ರಸ್ತೆಗೆ ನಡೆದು ಮೈಸೂರಿನ ಬಸ್ಸು ಹತ್ತಿದೆ.

ನನ್ನದು ಅಂತ ಯಾಕೆ ಇಟ್ಟೆಯೋ, ಯಾರು ಕೇಳಿದ್ದರು ನಿನ್ನನ್ನು, ನನ್ನ ಹಣೆ ಅದು, ನನ್ನದು — ಗುದ್ದಿದೆ, ತಲೆಯಿಂದಲೇ ಮೂಗಿಗೆ ಗುದ್ದಿದೆ, ಶಾಮಣ್ಣ ಓಡಿಬಂದು ಏಯ್ ಅಂದರು, ಬೆರಳು ತೋರಿಸಿ ಗದರಿದರು, ತಪ್ಪಾಯ್ತಣ್ಣ ಅಂತ ಅವರಿಗೆ ಅಂದೆ, ಅಣ್ಣನ ಮೂಗಿನಿಂದ ಎರಡು ಗೆರೆ ಇಳಿದು ಬಾಯಿಗೆ ಬರುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ನೆಕ್ಕಿಕೊಂಡ. ಮೊದಲ ವಾರ ಬಂಡಿಪಾಳ್ಯದ ಮಂಡಿಯಲ್ಲಿ ಮೂಟೆ ಹೊತ್ತೆ, ಮೂಟೆಗಳ ಮೇಲೇ ಮಲಗಿದೆ, ಯಾರೋ ಮೈ ನೋಡಿ ಲಷ್ಕರ್ ಮೊಹಲ್ಲಾಕ್ಕೆ ಹೋಗು, ಏಕಾಂತಯ್ಯ ಅಂತ ಉಸ್ತಾದರಿದ್ದಾರೆ ಅಂದರು, ಹೋದೆ, ಅವರು ಯಾವ ಊರು ಅಂತ ಕೇಳಿದರು, ಯಾವ ಕೇರಿ ಅಂತ ಕೇಳಲಿಲ್ಲ, ತಮ್ಮ ಚೊಂಬಿನಲ್ಲೇ ಹಾಲು ಕೊಟ್ಟರು. ಮಿಕ್ಕವರು ಕೇಳಿದರು, ಕೇಳದೆ ಇರುತ್ತಾರಾ, ಮನೆದೇವರು ಯಾವುದಪ್ಪ ಅಂತ ಬಳಸಿ ಕೇಳಿದರು, ಹೇಳಿದೆ, ಒಬ್ಬಿಬ್ಬರು ದೂರ ಕೂತರು, ಕೂರಲಿ, ಇಲ್ಲಿ ಯಾರ ಮುಂದೆಯೂ ಹಣೆ ಮಣ್ಣಿಗೆ ಇಡಬೇಕಾಗಿಲ್ಲ, ಅಷ್ಟು ಸಾಕು ನನಗೆ. ಅವ್ವ ಒಂದು ದಿನ ಬಂದಿದ್ದಳು, ಸಾಕಮ್ಮನ ಮಗ ಎಲ್ಲಿ ಸಾಕಮ್ಮನ ಮಗ ಎಲ್ಲಿ ಅಂತ ಅರ್ಧ ಲಷ್ಕರ್ ಮೊಹಲ್ಲಾ ವಿಚಾರಿಸಿಕೊಂಡು, ಹುರಿಹಿಟ್ಟಿನ ಗಂಟು ಕೊಟ್ಟಳು, ಅಳುತ್ತಾಳೆ, ಬಾ ಅನ್ನುತ್ತಾಳೆ ಅಂದುಕೊಂಡರೆ ಒಂದು ಹನಿ ಕಣ್ಣೀರಿಲ್ಲ. ಬರ್ಬೇಡ ಕಣ್ ಮಗ. ಇಬ್ರೂ ಒಂದೇ ಕಡೆ ಇದ್ರೆ ಇಬ್ರೂ ಓಯ್ತೀರ, ಒಬ್ನಾರ ನಂಗಿರ್ಲಿ. ಹೀಗೆ ಅಂದು ಸಂಜೆ ಬಸ್ಸಿಗೆ ಹೋದಳು. ಅಣ್ಣ ಬಂದಿದ್ದು ಆಮೇಲೆ, ಹಗಲು ಹೊತ್ತು ಇನ್ನೂ ಮಂಡಿಗೇ ಹೋಗುತ್ತಿದ್ದೆನಲ್ಲ, ಅಲ್ಲಿ ನಾನು ಮೂಟೆ ಇಳಿಸುತ್ತಿದ್ದಾಗ ಹಿಂದಿನಿಂದ ಬಂದು ನಿಂತ, ಗರಡಿಗೆ ಹೊಸ ಹೆಂಚು ಹಾಕಿಸಿದ್ದೇನೆ ಅಂದ, ಕೇರಿಯ ಹುಡುಗರು ನಾಲ್ಕು ಜನ ಸಾಮು ಮಾಡಲು ಬರುತ್ತಿದ್ದಾರೆ, ಹೇಳಿಕೊಡಲು ನೀನು ಬೇಕು ಅಂದ, ನೀನೇ ಹೇಳಿಕೊಡು ಅಂದೆ, ಮಾತು ತಿರುಗಿಸಿದ, ಪಟೇಲರ ಕಡೆಯವರು ಮತ್ತೆ ಮೆಟ್ಟಿನ ಮಾತು ಎತ್ತಿದ್ದಾರೆ, ಮೊನ್ನೆ ನಿನ್ನ ಅತ್ತಿಗೆಯನ್ನು ಬಾವಿಯ ಹತ್ತಿರ ತಡೆದಿದ್ದರು ಅಂದ. ನಾನು ಬಂದರೆ ನಿಲ್ಲಿಸುತ್ತಾರಾ ಅಂದೆ. ನಾವಿಬ್ರೂ ಬೀದೀಲಿ ನಡ್ಕಂಡು ಓದ್ರೆ ಸಾಕು, ಕೈ ಎತ್ತೋದೇ ಬೇಡ ಅಂದ. ನೀನು ಹಣೆ ಇಟ್ಟ ಬೀದಿಯಲ್ಲಿ ನಾನು ನಡೆಯಲ್ಲ ಅಂದೆ, ಮೂಟೆ ಹೊತ್ತುಕೊಂಡು ಹೋಗಿಬಿಟ್ಟೆ. ತಿರುಗಿ ನೋಡಿದಾಗ ಇರಲಿಲ್ಲ.

ಈಗ ನನ್ನ ಕೈಗೆ ಸಿಕ್ಕಿದ್ದಾನೆ. ಕಾಲಿಗೆ ನುಗ್ಗಿದ, ತಡವಾಯಿತು, ಮೊದಲಾಗಿದ್ದರೆ ಆಗುತ್ತಿತ್ತು, ನಾನು ಹಿಂದಕ್ಕೆ ಕಾಲೆಳೆದು ಅವನ ಬೆನ್ನ ಮೇಲೆ ಬಿದ್ದೆ, ಹೊಟ್ಟೆ ಅಡಿಯಾಗಿ ಮಲಗಿದ್ದಾನೆ, ಮೈಯನ್ನು ನೆಲಕ್ಕೆ ಅಂಟಿಸಿಕೊಂಡು, ಮಗುಚಲು ಬಿಡುತ್ತಿಲ್ಲ, ಸೊಂಟ ಹಿಡಿದು ಎಳೆದೆ, ಇಲ್ಲ, ಲಂಗೋಟಿಗೆ ಕೈ ಹಾಕಿ ಎತ್ತಿದೆ, ಇಲ್ಲ, ಕುತ್ತಿಗೆಯ ಮೇಲೆ ಮಂಡಿ ಇಟ್ಟು ಮುಖವನ್ನು ಮಣ್ಣಿಗೆ ಉಜ್ಜಿದೆ, ಒಡೆದ ಮೂಗು ಒಡೆದ ತುಟಿ ಎಲ್ಲ ಮಣ್ಣಲ್ಲಿ, ಉಸಿರಾಡಲು ತಲೆ ಪಕ್ಕಕ್ಕೆ ತಿರುಗಿಸುತ್ತಾನೆ, ಬೆನ್ನು ಮಾತ್ರ ತಿರುಗಿಸಲ್ಲ. ಎಷ್ಟು ಹೊತ್ತಾಯಿತೋ, ಶಾಮಣ್ಣ ಗಡಿಯಾರ ನೋಡುತ್ತಿದ್ದಾರೆ, ಹೊತ್ತು ಮುಗಿದರೆ ಸಮ ಅನ್ನುತ್ತಾರೆ, ಸಮ ಆದರೆ ಕೆಲಸವೂ ಇಲ್ಲ, ತೀರ್ಮಾನವೂ ಇಲ್ಲ, ಮತ್ತೆ ಬರುತ್ತಾನೆ, ಮತ್ತೆ ಮತ್ತೆ ಬರುತ್ತಾನೆ. ಮಗುಚ್ಕೊಳ್ಳೋ, ಬಿಡು, ಅಲ್ಲಿ ಅವರ ಮುಂದೆ ಎರಡು ಸಲ ಹಣೆ ಇಟ್ಟವನಿಗೆ ಇಲ್ಲಿ ನನ್ನ ಮುಂದೆ ಒಂದು ಸಲ ಬೆನ್ನು ಇಡಲು ಏನು ರೋಗ ನಿನಗೆ, ಅವರಿಗೆ ಕೊಟ್ಟದ್ದರಲ್ಲಿ ಅರ್ಧ ನನಗೆ ಕೊಡು. ಬಾಯಿಬಿಟ್ಟೇ ಅಂದೆ ಅಂತ ಕಾಣುತ್ತದೆ, ಯಾಕೆಂದರೆ ಮಣ್ಣಲ್ಲಿದ್ದ ಬಾಯಿ ಉತ್ತರ ಹೇಳಿತು. ನಿಂಗೋಸ್ಕರ ಇಟ್ಟೆ ಕಣ್ಲಾ. ನಿನ್ ಮುಂದೆ ಇಡಲ್ಲ.

ಅತ್ತಿಗೆ ಹೇಳಿದ್ದು ಆಗ ನೆನಪಾಯಿತು, ಸುಳ್ಳು, ಬೆಳಿಗ್ಗೆಯಿಂದ ನೆನಪಿತ್ತು, ಹಿಂದಿನ ವಾರದಿಂದ ನೆನಪಿತ್ತು, ಕೈ ಹಿಡಿದಾಗಲೇ ನೆನಪಿತ್ತು, ಇಲ್ಲ ಇಲ್ಲ ಅಂತ ತಳ್ಳುತ್ತ ಬಂದಿದ್ದೆ. ಮಾದೇವಮ್ಮತ್ತಿಗೆ, ನಂಜನಗೂಡಿನಲ್ಲಿ ಸಿಕ್ಕಿದಾಗ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನಿಮ್ಮಣ್ಣನ ಬಲಭುಜ ಆ ಏಟಾದ ಮೇಲೆ ಮೊದ್ಲಿನಂಗಿಲ್ಲ ಸಿದ್ದಪ್ಪ, ಹಿಂದಕ್ಕೆ ಮಡಚಿದ್ರೆ ಕಳಚ್ಕತದೆ, ಎರಡ್ ಸಲ ಕಳಚ್ಕಂಡು ತಾವೇ ಗೋಡೆಗೆ ಗುದ್ದಿ ಕೂರಿಸ್ಕಂಡ್ರು, ಯಾರಿಗೂ ಯೋಳಂಗಿಲ್ಲ ಅಂತ ನನ್ ಮೇಲೆ ಆಣೆ ಆಕಿದಾರೆ, ನಿಮ್ಮ ಉಸ್ತಾದರ ತಾವು ಮೂಳೆಗೆ ಹಚ್ಚೋ ಎಣ್ಣೆ ಇದೆಯಂತಲ್ಲ, ಒಂದ್ ಸೀಸೆ ಕಳ್ಸಪ್ಪ, ನಾನು ಯೋಳ್ದೆ ಅನ್ಬೇಡ. ಎಣ್ಣೆ ಇಸ್ಕೊಂಡಿದ್ದೆ. ಸೀಸೆ ನನ್ನ ಪೆಟ್ಟಿಗೆಯಲ್ಲಿದೆ, ಇವತ್ತು ಕಳಿಸುತ್ತೇನೆ ನಾಳೆ ಕಳಿಸುತ್ತೇನೆ ಅಂತ ಎರಡು ತಿಂಗಳು, ಕಳಿಸಲಿಲ್ಲ, ಯಾಕೆ ಕಳಿಸಲಿಲ್ಲ, ಥೂ, ಗೊತ್ತಿದೆ ಯಾಕೆ ಅಂತ. ಎಡಗೈ ಸಿಗುವ ಹಾಗಿತ್ತು, ಎಡಗೈ ಹಿಡಿಯಬಹುದಿತ್ತು, ಬಿಟ್ಟೆ. ಬಲಗೈಯನ್ನು ಹೊಟ್ಟೆಯ ಕೆಳಗಿನಿಂದ ಕಿತ್ತೆ. ಅವನಿಗೆ ತಿಳಿಯಿತು, ಮೈಯೆಲ್ಲ ಒಂದು ಸಲ ಬಿಗಿಯಾಯಿತು, ತಲೆ ಹೊರಳಿಸಿ ಒಂದು ಕಣ್ಣಲ್ಲಿ ನನ್ನನ್ನು ನೋಡಿದ, ಯಾರು ಹೇಳಿದರು ಅಂತಲೂ ತಿಳಿಯಿತು ಅವನಿಗೆ, ಆ ಒಂದು ಕಣ್ಣಿನಲ್ಲಿ ಎಲ್ಲ ಇತ್ತು, ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಬಿಡುತ್ತಿದ್ದೆ. ಬಿಡುತ್ತಿದ್ದೆನಾ? ಕೈಯನ್ನು ಬೆನ್ನ ಹಿಂದಕ್ಕೆ ಮಡಚಿದೆ, ಮಣಿಕಟ್ಟು ಹಿಡಿದು ಕತ್ತಿನ ಕಡೆಗೆ ಮೇಲಕ್ಕೆ, ಇನ್ನೂ ಮೇಲಕ್ಕೆ, ತಿರುಗು ಅಣ್ಣ, ತಿರುಗಿಬಿಡು, ತಿರುಗಿದರೆ ಕೈ ಉಳಿಯುತ್ತದೆ, ತಿರುಗೋ ಅಂತ ಅಳುತ್ತ ಎತ್ತುತ್ತಿದ್ದೇನೆ, ಅಳು ಯಾವಾಗ ಬಂತೋ, ಹಲ್ಲು ಕಚ್ಚಿಕೊಂಡು ಅಳುತ್ತ ಪೂರ್ತಿ ಮೈಭಾರ ಹಾಕಿದೆ, ಅವನು ತಿರುಗಲಿಲ್ಲ. ಹಸಿ ಕಬ್ಬು ಮುರಿದ ಸದ್ದು. ಸದ್ದು ನನ್ನ ಅಂಗೈಯೊಳಗೇ ಆಯಿತು.

ಕೈ ನನ್ನ ಹಿಡಿತದಲ್ಲಿ ಇದ್ದಕ್ಕಿದ್ದಂತೆ ಹಗುರಾಯಿತು, ತಡೆಯುವುದು ನಿಂತಿತು, ಎಳೆದ ಕಡೆಗೆ ಬಂತು, ಆಮೇಲೆ ಮೈಯೂ ಬಂತು, ಮಗುಚಿಕೊಂಡ, ಎರಡೂ ಭುಜ ಮಣ್ಣಿಗೆ, ಶಾಮಣ್ಣ ಬೋರಲಾಗಿ ಮಲಗಿ ಇಣುಕಿ ನೋಡಿದರು, ಸೀಟಿ, ಚಿತ್, ಚಿತ್, ಮೈದಾನವೆಲ್ಲ ಎದ್ದು ನಿಂತಿತು, ತಮಟೆ, ಕಹಳೆ, ಅಣ್ಣ ಕಿರುಚಲಿಲ್ಲ, ಮಲಗಿಕೊಂಡೇ ಮೇಲೆ ನೋಡುತ್ತಿದ್ದ, ಅವನ ಮುಖದ ಮೇಲೆ ನನ್ನ ಕಣ್ಣೀರೋ ಬೆವರೋ ಬೀಳುತ್ತಿತ್ತು. ಗೆದ್ದೆ ಮಗ ಅಂದ. ಇರು ಇಲ್ಲೇ. ಅಣ್ಣ ಅಂದೆ, ಅಣ್ಣ ನಿನ್ನ ಕೈ ಅಂದೆ, ಅಷ್ಟರಲ್ಲಿ ಯಾರೋ ಹಿಂದಿನಿಂದ ಸೊಂಟ ಹಿಡಿದು ಎತ್ತಿದರು, ಹೆಗಲ ಮೇಲೆ, ನಮ್ಮ ಗರಡಿಯ ಹುಡುಗರು, ಲಷ್ಕರ್ ಮೊಹಲ್ಲಾದ ಸಿದ್ದೇಶ್ ಅಂತ ಮೈಕಿನಲ್ಲಿ ಕೂಗುತ್ತಿದ್ದಾರೆ, ಉಸ್ತಾದರು ಕೆಳಗಿನಿಂದ ಕೈ ಚಾಚಿ ಪೇಟ ಇಟ್ಟರು, ಅವರ ಕಣ್ಣಲ್ಲಿ ಸಂತೋಷ ಇರಲಿಲ್ಲ, ಏನೋ ನೀನು ಅಂದರು, ಅಷ್ಟೇ ಅಂದರು, ಅಣ್ಣನ ಕಡೆ ಓಡಿದರು, ಮೂಳೆ ಕೂರಿಸಲು ಅವನ ಪಕ್ಕ ಮಂಡಿ ಊರಿದರು, ಅಣ್ಣ ಎಡಗೈ ಅಡ್ಡ ಹಿಡಿದು ಬೇಡ ಬುದ್ಧಿ ಅಂದನೋ ಏನೋ, ತಾನೇ ಎದ್ದ. ಗೆದ್ದವನನ್ನು ಅಖಾಡದ ಸುತ್ತ ಮೂರು ಸುತ್ತು ಹೊರಬೇಕು, ನಡುವೆ ಇಳಿಸುವಂತಿಲ್ಲ, ಇಳಿಸ್ರೋ ಅಂದೆ, ನಗುತ್ತಾರೆ, ಇಳಿಸ್ರೋ ಅಂತ ಅವರ ತಲೆಗೆ ಗುದ್ದಿದೆ, ಸಂತೋಷಕ್ಕೆ ಗುದ್ದುತ್ತಾನೆ ಅಂದುಕೊಂಡು ಇನ್ನೂ ಮೇಲಕ್ಕೆ ಎತ್ತಿದರು. ಮೇಲಿನಿಂದ ಎಲ್ಲ ಕಾಣುತ್ತದೆ. ಅಣ್ಣ ಅಂಗಿಯನ್ನು ಎಡಹೆಗಲ ಮೇಲೆ ಹಾಕಿಕೊಂಡ, ಹೊರಟ, ಜನ ದಾರಿ ಬಿಡುತ್ತಿದ್ದಾರೆ, ಒಬ್ಬನೇ, ನಮ್ಮ ಕೇರಿಯವರು ಒಬ್ಬರೂ ಜೊತೆಗೆ ಬಂದಿಲ್ಲ, ಸಂಜೆಯ ಬಸ್ಸು ಸಿಗುತ್ತದೆ ಅವನಿಗೆ, ಊರಲ್ಲಿ ಬಸ್ಸು ನಿಲ್ಲುವುದು ಚಾವಡಿಯ ಮುಂದೆಯೇ, ಅಲ್ಲಿ ಕೂತಿರುತ್ತಾರೆ ಎಲ್ಲರೂ, ಮೊದಲು ಅವರೇ ನೋಡುತ್ತಾರೆ, ದೊಣ್ಣೆ ತಂದು ಮುರಿಯಲಾಗದ್ದನ್ನು ತಮ್ಮ ಮುರಿದು ಕಳಿಸಿದ್ದಾನೆ ಅಂತ ನೋಡುತ್ತಾರೆ, ಬಾವಿಯ ಹತ್ತಿರ ಅತ್ತಿಗೆ, ಗರಡಿಯಲ್ಲಿ ನಾಲ್ಕು ಹುಡುಗರು, ನಾಳೆ ಬೆಳಿಗ್ಗೆ ಆ ಬೀದಿಯಲ್ಲಿ ಅವನು ನಡೆಯುವಾಗ, ಅವನು ಒಬ್ಬನೇ ನಡೆಯುವಾಗ — ನಾನು ಇಲ್ಲೇ ಇರಬಹುದು, ಅವನೇ ಅಂದನಲ್ಲ, ಇರು ಅಂದನಲ್ಲ, ಗೆದ್ದಿದ್ದೇನಲ್ಲ — ಬಾಗಿಲ ಹತ್ತಿರ ಹೋದ, ತಿರುಗಿ ನೋಡಲ್ಲ, ಬಲಗೈ ಪಕ್ಕದಲ್ಲಿ ಜೋತಾಡುತ್ತಿದೆ, ಭುಜದಿಂದ ತಿರುಚಿಕೊಂಡು, ನಡೆದ ಹಾಗೆಲ್ಲ ತಾನೇ ತೂಗುತ್ತಿದೆ, ಅಂಗೈ ತೊಡೆಯ ಕಡೆ ಇಲ್ಲ, ಹಿಂದಕ್ಕಿದೆ, ಮುಂದೆ ಮುಂದೆ ಹೋಗುತ್ತಿದ್ದಾನೆ, ಅಂಗೈ ಮಾತ್ರ ಹಿಂದಕ್ಕೆ, ಬೆರಳು ಬಿಚ್ಚಿಕೊಂಡು, ಇಳಿಸ್ರೋ, ಅಂಗೈ, ಮಣ್ಣು ಮೆತ್ತಿದ ಅಂಗೈ, ನನ್ನ ಕಡೆಗೆ, ಹಿಂದಕ್ಕೆ ತಿರುಗಿದ ಅಂಗೈ, ನನ್ನ ಕಡೆಗೆ, ಅಂಗೈ